ಬೇಸಾಯದ ದಿನಚರಿಯಿಂದ ಬಾಕಿ ಕೆಲಸಗಳನ್ನು ಹೆಕ್ಕಿ ತೆಗೆಯುವ ಕ್ರಮ

ಪೂರ್ವದಲ್ಲಿ ಶಾನುಭೋಗರು ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಲೆಕ್ಕ ಬರೆದಿಡುತ್ತಿದ್ದರು. ಬಾಕಿಯನ್ನು ತಿಳಿಯಬೇಕಾದರೆ ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಬೇಕಾಗಿತ್ತು. ಈಗ ಅನೇಕ ಭೂಮಾಲೀಕರು ಬೇಸಾಯದ ದಿನಚರಿಯನ್ನು ಮೊಬೈಲಿನಲ್ಲಿ ಬರೆಯುತ್ತಿದ್ದಾರೆ. ಇದರಿಂದ ಬರೆಯುವ ಶ್ರಮ ಕಡಮೆಯಾಯಿತೇ ಹೊರತು ಹುಡುಕುವ ಶ್ರಮ ಕಡಮೆಯಾಗಲಿಲ್ಲ.

ಅತ್ತಿಬೆಲೆಯ ಸುತ್ತಿನ ಒಬ್ಬ ಭೂಮಾಲೀಕರು ದಿಣ್ಣೆಹೊಲದಲ್ಲಿ ರಾಗಿಯನ್ನೂ ಅಕ್ಕಡಿ ಸಾಲುಗಳಲ್ಲಿ ಅವರೆಯನ್ನೂ ಬಿತ್ತಿ, ತೋಟದಲ್ಲಿ ತರಕಾರಿಯನ್ನು ಇಟ್ಟಿರುವರೆಂದು ಭಾವಿಸಬಹುದು. ರಾಗಿಗೆ ಬಿತ್ತಿದ ಸುಮಾರು 30 ದಿನಕ್ಕೆ, ನೆಲದಲ್ಲಿ ಹಸಿಯಿರುವಾಗಲೇ, ಮೇಲುಗೊಬ್ಬರವನ್ನು ಕೊಡತಕ್ಕದ್ದು. ಯಜಮಾನರು ಅದನ್ನು ಬರೆದಿಟ್ಟಿದ್ದರೂ, ಅನಂತರದ ಕೂಲಿಲೆಕ್ಕ, ಕೊಳವೆಬಾವಿಯ ರಿಪೇರಿ, ಸಂತೆಯ ಧಾರಣೆ ಇವುಗಳ ಕೆಳಗೆ ಆ ಸಾಲು ಹೂತುಹೋಗುತ್ತದೆ. ಹಸಿ ಆರಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಕಾರ್ಖಾನೆಗಳಿರುವ ಈ ಪ್ರದೇಶದಲ್ಲಿ ಆಳುಗಳನ್ನು ಮುಂಚಿತವಾಗಿಯೇ ಗೊತ್ತುಮಾಡಬೇಕಾದ್ದರಿಂದ ಮರೆವಿನ ನಷ್ಟ ಇನ್ನೂ ಹೆಚ್ಚು.

ಆದಕಾರಣ ದಿನಚರಿಯಲ್ಲಿ ಮಾಡಬೇಕಾದ ಪ್ರತಿಯೊಂದು ಕೆಲಸವನ್ನೂ ಪ್ರತ್ಯೇಕ ಸಾಲಿನಲ್ಲಿ, ಒಂದೇ ರೀತಿಯಾಗಿ ಬರೆಯತಕ್ಕದ್ದು:

- [ ] ದಿಣ್ಣೆಹೊಲ | ರಾಗಿಗೆ ಮೇಲುಗೊಬ್ಬರ | 2025-08-20

ಕಂಸದೊಳಗೆ ಬರಿದಾಗಿದ್ದರೆ ಕೆಲಸ ಬಾಕಿ. ಮುಗಿದೊಡನೆ ಅಲ್ಲಿ ಒಂದು ಗುರುತನ್ನು ಹಾಕಬೇಕು. ಇದು 2004ರಲ್ಲಿ ಜಾನ್ ಗ್ರೂಬರ್ ಪ್ರಕಟಿಸಿದ ಮಾರ್ಕ್‌ಡೌನ್ ಎಂಬ ಬರವಣಿಗೆಯ ಪದ್ಧತಿಯಿಂದ ಬೆಳೆದು ಬಂದ ರೂಢಿ. ವರ್ಷ, ತಿಂಗಳು, ದಿನ ಎಂಬ ಅನುಕ್ರಮದಲ್ಲಿಯೇ ತಾರೀಖನ್ನು ಬರೆದರೆ ಪಟ್ಟಿಯು ತಾನಾಗಿ ಕಾಲಕ್ರಮದಲ್ಲಿ ನಿಲ್ಲುತ್ತದೆ.

ಇನ್ನು ಹೆಕ್ಕುವ ಕೆಲಸ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಉದ್ಯೋಗದಲ್ಲಿರುವ ಮಗನೋ ಮಗಳೋ ಮನೆಯಲ್ಲಿದ್ದರೆ, ಪೈಥಾನ್ ಭಾಷೆಯಲ್ಲಿ ಒಂದು ಸಣ್ಣ ಕ್ರಮವಿಧಿಯನ್ನು ಒಂದು ಸಂಜೆಯಲ್ಲಿ ಬರೆದುಕೊಡಬಲ್ಲರು. ಅದು ದಿನಚರಿಯ ಕಡತಗಳನ್ನು ಓದುವುದಕ್ಕೆ ಮಾತ್ರ ತೆರೆಯಬೇಕು; ಮೂಲದಲ್ಲಿ ಒಂದಕ್ಷರವನ್ನೂ ತಿದ್ದಕೂಡದು. ಸಾಲುಗಳನ್ನು ಒಂದೊಂದಾಗಿ ನೋಡಿ, ಮೇಲ್ಕಂಡ ಮಾದರಿಗೆ ಹೊಂದಿದುದನ್ನು ಸ್ಥಿತಿ, ಹೊಲ, ಕೆಲಸ, ತಾರೀಖು ಎಂದು ವಿಂಗಡಿಸಿ, ಕಡತದ ಹೆಸರನ್ನೂ ಸಾಲಿನ ಸಂಖ್ಯೆಯನ್ನೂ ಜೊತೆಗೆ ಸೇರಿಸಿ, ಬಾಕಿ ಕೆಲಸಗಳನ್ನು ತಾರೀಖಿನ ಪ್ರಕಾರ ಕೋಷ್ಟಕದಲ್ಲಿ ಇಳಿಸಬೇಕು. ಸಾಲಿನ ಸಂಖ್ಯೆಯಿದ್ದರೆ ಸಂದೇಹ ಬಂದಾಗ ಮೂಲವನ್ನು ತೆಗೆದು ನೋಡಬಹುದು.

ಕನ್ನಡದ ಬರವಣಿಗೆಯಲ್ಲಿ ಕೆಲವು ತೊಡಕುಗಳುಂಟು. ಯೂನಿಕೋಡ್ ಎಂಬ ಅಕ್ಷರಸಂಕೇತದಲ್ಲಿ 1991ರ ಮೊದಲನೆಯ ಆವೃತ್ತಿಯಿಂದಲೇ ಕನ್ನಡವಿದೆ. ಆದರೆ "ತೋಟ" ಎಂಬುದರ ಮೊದಲನೆಯ ಅಕ್ಷರದ ಓಕಾರವನ್ನು ಒಂದೇ ಚಿಹ್ನೆಯಾಗಿಯೂ, ಒಕಾರಕ್ಕೆ ದೀರ್ಘವನ್ನು ಸೇರಿಸಿದ ಎರಡು ಚಿಹ್ನೆಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರವು ಮಾತ್ರ ಇವನ್ನು ಎರಡು ತೋಟಗಳೆಂದು ಎಣಿಸುತ್ತದೆ. ಅಕ್ಷರಗಳನ್ನು ಮೊದಲು ಏಕರೂಪಕ್ಕೆ ತರುವ ಸೌಲಭ್ಯ ಪೈಥಾನಿನಲ್ಲಿಯೇ ಇದೆ, ಅದನ್ನು ಉಪಯೋಗಿಸತಕ್ಕದ್ದು. ಹಾಗೆಯೇ ಮಾದರಿಯಲ್ಲಿ 0ರಿಂದ 9ರವರೆಗಿನ ಅಂಕಿಗಳನ್ನು ಮಾತ್ರ ಹೇಳಿದ್ದರೆ, ೨೦ ಎಂದು ಕನ್ನಡ ಅಂಕಿಗಳಲ್ಲಿ ಬರೆದ ಸಾಲು ಬಿಟ್ಟುಹೋಗುತ್ತದೆ. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬರೆದ ಕಡತಗಳನ್ನಂತೂ ಯೂನಿಕೋಡಿಗೆ ಪರಿವರ್ತಿಸದೆ ಓದಿಸುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ತಾಳೆ. ತಾರೀಖು ತಪ್ಪಿದ ಅಥವಾ ಹೊಲದ ಹೆಸರಿಲ್ಲದ ಸಾಲನ್ನು ಕ್ರಮವಿಧಿಯು ಸದ್ದಿಲ್ಲದೆ ಬಿಟ್ಟುಬಿಟ್ಟರೆ, ಯಜಮಾನರು ಪಟ್ಟಿಯನ್ನು ನಂಬಿ ನಿಶ್ಚಿಂತರಾಗುತ್ತಾರೆ. ಇದು ಪಟ್ಟಿಯೇ ಇಲ್ಲದಿರುವುದಕ್ಕಿಂತ ಕೇಡು. ಆದುದರಿಂದ ಕಂಸದ ಗುರುತಿದ್ದೂ ಮಾದರಿಗೆ ಹೊಂದದ ಸಾಲುಗಳನ್ನೆಲ್ಲ "ತಿರಸ್ಕೃತ" ಎಂಬ ಬೇರೆ ಪಟ್ಟಿಗೆ ಹಾಕತಕ್ಕದ್ದು. ಬಾಕಿ, ಮುಗಿದುವು, ತಿರಸ್ಕೃತ ಈ ಮೂರರ ಮೊತ್ತವು ಕಂಸವುಳ್ಳ ಸಾಲುಗಳ ಒಟ್ಟು ಸಂಖ್ಯೆಗೆ ಸರಿಹೋಗಬೇಕು. ಒಂದು ಕಡಮೆಯಾದರೂ ಪಟ್ಟಿಯನ್ನು ಉಪಯೋಗಿಸಕೂಡದು.

ಮೊದಲು ಕಳೆದ ಹಂಗಾಮಿನ ಒಂದು ತಿಂಗಳ ದಿನಚರಿಯನ್ನು ತೆಗೆದುಕೊಂಡು, ಬಾಕಿಗಳನ್ನು ಕೈಯಿಂದ ಎಣಿಸಿ, ಯಂತ್ರದ ಪಟ್ಟಿಯೊಡನೆ ಹೋಲಿಸಿ ನೋಡುವುದು ಮೇಲು. ಸರಿಬಂದ ಮೇಲೆ, ಬಿತ್ತನೆಯ ಕಾಲದಲ್ಲಿ ಪ್ರತಿದಿನ ಸಂಜೆ ಪಟ್ಟಿಯನ್ನು ತೆಗೆದು, ಮೊಬೈಲನ್ನು ಬಳಸದ ಹಿರಿಯ ಆಳಿಗೆ ಮರುದಿನದ ಕೆಲಸಗಳನ್ನು ಓದಿ ಹೇಳಬಹುದು.