ಬಸುರಿ, ಕೂಸು ಮತ್ತು ಅಂಡಮಾನ್

ಕಂಕುಳಲ್ಲೊಂದು ಕೂಸು, ಹೊಟ್ಟೆಯಲ್ಲೊಂದು ಇರುವಾಗ ಚೊಳಚಗುಡ್ಡದಂಥ ಹಳ್ಳಿಯಿಂದ ಅಂಡಮಾನಿಗೆ ಹೊರಡಲು 14ರಿಂದ 28ನೆಯ ವಾರದ ನಡುವಿನ ಕಾಲ ಒಳ್ಳೆಯದು. ವಾಕರಿಕೆ ತಗ್ಗಿರುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ. ಮಳೆಗಾಲದ ಕಡಲು ಬಲು ಒರಟು. ಹೀಗಾಗಿ ಊರಿನ ಬನಶಂಕರಿ ಜಾತ್ರೆಯ ಗದ್ದಲ ಮುಗಿದ ಮೇಲಿನ ಫೆಬ್ರುವರಿ, ಮಾರ್ಚ್ ತಿಂಗಳುಗಳೇ ವಾಸಿ. ವಿಮಾನದಲ್ಲಿ ಎರಡು ವರ್ಷ ತುಂಬಿದ ಮಗುವಿಗೆ ಬೇರೆ ಟಿಕೆಟ್ ಬೇಕು. ಇಳಿಯುವಾಗ ಗುಟುಕು ಗುಟುಕಾಗಿ ನೀರು ಕುಡಿಸಿದರೆ ಅದರ ಕಿವಿನೋವು ತಗ್ಗುತ್ತದೆ. ಬಸಿರಿನಲ್ಲಿ ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಾದ್ದರಿಂದ ತಾಯಿ ಆಗಾಗ ಎದ್ದು ಓಡಾಡಬೇಕು. ಸೀಟ್ ಬೆಲ್ಟನ್ನು ಹೊಟ್ಟೆಯ ಕೆಳಗೆ ಕಟ್ಟಬೇಕು.

ದ್ವೀಪದಲ್ಲಿ ನಿಜವಾದ ಚಿಂತೆ ಬಿಸಿಲಿನದಲ್ಲ, ಸೊಳ್ಳೆಯದು. ಬಸಿರಿನಲ್ಲಿ ಮಲೇರಿಯಾ ತಾಯಿ, ಶಿಶು ಇಬ್ಬರಿಗೂ ಕುತ್ತು. ಅದಕ್ಕೆ ಕೊಡುವ ಪ್ರೈಮಾಕ್ವಿನ್ ಮಾತ್ರೆ ಗರ್ಭಿಣಿಗೆ ನಿಷಿದ್ಧ. ತುಂಬುತೋಳಿನ ಬಟ್ಟೆ, ಸೊಳ್ಳೆಪರದೆ ತಪ್ಪಬಾರದು. ಮಗುವಿನ ಭೇದಿಗೆ ಓಆರ್‌ಎಸ್ ಪೊಟ್ಟಣ ಚೀಲದಲ್ಲಿರಲಿ. ಗರ್ಭಿಣಿಗೆ ಸ್ಕೂಬಾ ಡೈವಿಂಗ್ ಬೇಡವೇ ಬೇಡ.

ದೊಡ್ಡ ಆಸ್ಪತ್ರೆ ಇರುವುದು ಪೋರ್ಟ್ ಬ್ಲೇರ್‌ನಲ್ಲಿ, ಅಂದರೆ 2024ರಿಂದ ಶ್ರೀ ವಿಜಯಪುರಂನಲ್ಲಿ. ಹ್ಯಾವ್‌ಲಾಕ್ ದ್ವೀಪದಿಂದ ಅಲ್ಲಿಗೆ ನೀರು ದಾಟಬೇಕಾದ್ದರಿಂದ ವಸತಿಯನ್ನು ಆ ಊರಲ್ಲೇ ಹಿಡಿಯುವುದು ಜಾಣತನ. ರಕ್ತಸ್ರಾವ ಕಂಡವರು, ರಕ್ತದೊತ್ತಡ ಏರಿದವರು ಈ ಪ್ರಯಾಣವನ್ನು ಹೆರಿಗೆಯ ನಂತರಕ್ಕೆ ಮುಂದೂಡಬೇಕು.