ತಗಡು ಬಗ್ಗಿಸುವ ಮುಂಚೆ

ದೇವದುರ್ಗದ ತಮ್ಮಾ, ಮಾನ್ವಿಯ ತಂಗೀ, ನೀವಿಬ್ಬರೂ ಓದಿಗೆಂದು ರಾಯಚೂರಿಗೆ ಬಂದು ರೂಮು ಹಿಡಿದವರು. ಭಾನುವಾರ ಸಿಗುವ ನಾಲ್ಕು ತಾಸಿನಲ್ಲಿ ಮೊಬೈಲು ಬದಿಗಿಟ್ಟು ತಗಡಿನ ಪುಟ್ಟ ವಿಮಾನ ಕಟ್ಟಬೇಕು ಅಂದಿರಿ. ಕೇಳಿ ನನಗೆ ಬಹಳ ಖುಷಿಯಾಯಿತು. ಮನೆಯವರು "ಇದರಿಂದ ಏನು ಬರ್ತದ?" ಅಂತ ಕೇಳಿದರೆ ವಾದಕ್ಕೆ ಇಳಿಯಬೇಡಿ. ಕಟ್ಟಿ ಮುಗಿಸಿ ಅವರ ಅಂಗೈ ಮೇಲೆ ಇಡಿ, ಸಾಕು. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಮೀಟರಿನ ಮುಳ್ಳು, ಕೂದಲೆಳೆಯಂಥ ಸ್ಪ್ರಿಂಗುಗಳ ಜೊತೆ ನೌಕರಿಯ ಕಾಲ ಕಳೆದವನು ನಾನು. ಅದರ ಬಲದ ಮೇಲೆ ನಾಲ್ಕು ಮಾತು ಹೇಳುತ್ತೇನೆ.

ಕಿಟ್ಟಿನ ಪೆಟ್ಟಿಗೆ ಬಿಚ್ಚುವ ಮೊದಲು ಒಂದು ಸಂಜೆ ನಮ್ಮ ಕೋಟೆಗೆ ಹೋಗಿ ಬನ್ನಿ. 1294ರ ಶಾಸನ ಕೊರೆದಿರುವ ಆ ಒಂದೇ ಬಂಡೆ 41 ಅಡಿಗಿಂತ ಉದ್ದ. ಅದನ್ನು ಬಂಡಿಗೆ ಹೇರಿ ದನಗಳ ಸಾಲು ಕಟ್ಟಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಗೋಡೆಯ ಮೇಲೆ ಕೊರೆದಿದ್ದಾರೆ. ಬಂಡೆಯ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸಿ. ರೈಟ್ ಸಹೋದರರ ವಿಮಾನದ ರೆಕ್ಕೆ ಹೆಚ್ಚುಕಡಿಮೆ ಅಷ್ಟೇ ಉದ್ದ, 40 ಅಡಿ 4 ಇಂಚು. 1903ರ ಡಿಸೆಂಬರ್ 17ರಂದು ಅದು ಮೊದಲ ಸಲ ಹಾರಿದ್ದು 12 ಸೆಕೆಂಡು, 120 ಅಡಿ, ಅಂದರೆ ಅಂಥ ಮೂರು ಬಂಡೆಗಳನ್ನು ಸಾಲಾಗಿ ಇಟ್ಟಷ್ಟು ದೂರ. 72ಕ್ಕೆ ಒಂದರ ಪ್ರಮಾಣದಲ್ಲಿ ಆ ರೆಕ್ಕೆ 17 ಸೆಂಟಿಮೀಟರಿಗೆ ಇಳಿಯುತ್ತದೆ. ಬಂಡೆ ನೋಡಿ ಬಂದವರಿಗೆ ಆ 17 ಸೆಂಟಿಮೀಟರು ಬರೀ ಆಟಿಕೆಯಾಗಿ ಕಾಣುವುದಿಲ್ಲ. ಪ್ರಮಾಣ ಅನ್ನುವುದು ಮೊದಲು ಮೈಗೆ ಗೊತ್ತಾಗಬೇಕು, ಲೆಕ್ಕ ಆಮೇಲೆ.

ಈಗ ಲೋಹದ ವಿಷಯ. ಕಿಟ್ಟಿನಲ್ಲಿ ಬರುವುದು ಕಾಲು ಮಿಲಿಮೀಟರಿಗಿಂತ ತೆಳುವಾದ ಸ್ಟೀಲಿನ ಇಲ್ಲವೆ ಹಿತ್ತಾಳೆಯ ಹಾಳೆ. ಅದರ ಗೆರೆಗಳನ್ನು ಉಳಿ ಹಿಡಿದು ಕೊರೆದಿರುವುದಿಲ್ಲ. ಬೆಳಕಿಗೆ ಗಟ್ಟಿಯಾಗುವ ಲೇಪ ಹಚ್ಚಿ, ಲೇಪವಿಲ್ಲದ ಕಡೆ ರಾಸಾಯನಿಕ ದ್ರಾವಣ ಲೋಹವನ್ನು ತಿನ್ನುವಂತೆ ಮಾಡಿರುತ್ತಾರೆ. ರೇಡಿಯೋ, ಟಿವಿಗಳ ಸರ್ಕಿಟ್ ಬೋರ್ಡು ತಯಾರಾಗುವುದೂ ಹೀಗೆಯೇ. ಪೂರ್ತಿ ತಿಂದಲ್ಲಿ ಸೀಳು, ಅರ್ಧ ತಿಂದಲ್ಲಿ ಮಡಿಕೆಯ ಗೆರೆ. ಸಾಮಾನ್ಯವಾಗಿ ಆ ಗೆರೆ ಮಡಿಕೆಯ ಒಳಗೆ ಬರಬೇಕು. ಆದರೂ ನಕ್ಷೆಯಲ್ಲಿ ಮುಂಬದಿ ಯಾವುದು, ಹಿಂಬದಿ ಯಾವುದು ಅಂತ ಪ್ರತಿ ತುಣುಕಿಗೂ ನೋಡಿಕೊಳ್ಳಿ. ನೋಡಿಯೇ ಕೈ ಹಾಕಬೇಕು ಯಾಕೆಂದರೆ, ಬಗ್ಗಿದ ಜಾಗದಲ್ಲಿ ಲೋಹ ಪೆಡಸಾಗುತ್ತದೆ. ತಪ್ಪಾಯಿತು ಅಂತ ಬಿಡಿಸಿದರೆ ಇನ್ನಷ್ಟು ಪೆಡಸು. ಮತ್ತೆ ಮಡಚಿದಿರೋ, ಕಟ್ ಅಂತ ಮುರಿದು ಎರಡು ತುಂಡು. ಕಾಗದಕ್ಕೆ, ಮಣ್ಣಿಗೆ ಇರುವ ಸಹನೆ ಈ ತೆಳು ತಗಡಿಗಿಲ್ಲ. ಆದ್ದರಿಂದ ತುಣುಕನ್ನು ಹಾಳೆಯಿಂದ ಬಿಡಿಸುವ ಮೊದಲೇ ಅದು ಎಲ್ಲಿ ಕೂಡುತ್ತದೆ, ಯಾವ ಕಡೆ ಬಾಗುತ್ತದೆ, ಅದರ ಮೇಲೆ ಆಮೇಲೆ ಏನು ಬರುತ್ತದೆ ಅನ್ನುವುದನ್ನು ಬಾಯಿಬಿಟ್ಟು ಹೇಳಿಕೊಳ್ಳಿ. ರೂಮಿನ ಗೆಳೆಯರು ನಕ್ಕರೆ ನಗಲಿ.

ತುಣುಕನ್ನು ಹಾಳೆಗೆ ಹಿಡಿದಿಟ್ಟಿರುವ ಸಣ್ಣ ಸೇತುವೆಗಳನ್ನು ಕೈಯಿಂದ ತಿರುಚಿ ಕೀಳಬೇಡಿ. ಚಪ್ಪಟೆ ಮೋರೆಯ ಕಟರಿನಿಂದ ತುಣುಕಿನ ಅಂಚಿಗೇ ಹಚ್ಚಿ ಕತ್ತರಿಸಿ, ಉಳಿದ ಮುಳ್ಳನ್ನು ಸಣ್ಣ ಅರದಿಂದ ಎರಡೇ ಎಳೆತದಲ್ಲಿ ತೆಗೆಯಿರಿ. ತುಣುಕಿನ ಅಂಚಿನ ಪುಟ್ಟ ಕಿವಿಗಳನ್ನು ಇನ್ನೊಂದರ ಸೀಳಿನಲ್ಲಿ ತೂರಿಸಿದ ಮೇಲೆ, ಹೊರಗೆ ಕಾಣುವ ಕಡೆ ಮಡಚಿರಿ, ಒಳಗೆ ಅಡಗುವ ಕಡೆ ತಿರುಚಿರಿ. ತಿರುಚಿದ್ದು ಬಿಗಿ, ಮಡಚಿದ್ದು ಚೆಂದ. ಎಂಜಿನ್ನಿನಂಥ ದುಂಡನೆಯ ಭಾಗಕ್ಕೆ ಡ್ರಿಲ್ ಬಿಟ್ಟಿನ ಹಿಂಬದಿಯ ನುಣುಪಾದ ಕಡ್ಡಿ ತಗೊಳ್ಳಿ. ಮೊದಲು ದಪ್ಪ ಕಡ್ಡಿಗೆ ಸುತ್ತಿ, ಆಮೇಲೆ ತೆಳು ಕಡ್ಡಿಗೆ. ಒಂದೇ ಸಲಕ್ಕೆ ತೆಳು ಕಡ್ಡಿಗೆ ಸುತ್ತಿದರೆ ದುಂಡು ಬರುವುದಿಲ್ಲ, ಮೂಲೆ ಮೂಲೆಯಾಗಿ ಮಡಚಿಕೊಳ್ಳುತ್ತದೆ.

ಕೂಡುವ ಜಾಗಕ್ಕೂ ಒಂದು ಮಾತು. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಫ್ಯಾನು ಆರಿಸಿ ಕೂಡುವುದು ಆಗದ ಮಾತು. ಫ್ಯಾನು ಹಾಕಿದರೆ ತುಣುಕು ಹಾರುತ್ತವೆ. ಬೆಳಗಿನ ಜಾವ ಎದ್ದು ಕೂಡಿ. ಆಗ ಬೆರಳೂ ಬೆವರಿರುವುದಿಲ್ಲ. ಬೆವರಿನ ಉಪ್ಪು ಹಿತ್ತಾಳೆಗೆ ತಾಗಿದರೆ ಕೆಲವೇ ದಿನದಲ್ಲಿ ಹೆಬ್ಬೆಟ್ಟಿನ ಗುರುತು ಕಪ್ಪಾಗಿ ಏಳುತ್ತದೆ. ಅಂಚು ಇರುವ ದೊಡ್ಡ ಪರಾತದೊಳಗೆ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಕೆಲಸ ಮಾಡಿ. ಇಷ್ಟಾದರೂ ತುಣುಕು ಕಳೆಯುತ್ತದೆ, ಅದು ಈ ಕೆಲಸದ ಗುಣ. ಅಯಸ್ಕಾಂತ ತಂದು ಹುಡುಕಬೇಡಿ. ಹಿತ್ತಾಳೆಗೆ ಅದು ಹತ್ತುವುದಿಲ್ಲ, ಇಂಥ ಸ್ಟೇನ್‌ಲೆಸ್ ಸ್ಟೀಲಿಗೂ ಹೆಚ್ಚಾಗಿ ಹತ್ತುವುದಿಲ್ಲ. ಲೈಟು ಆರಿಸಿ, ಟಾರ್ಚನ್ನು ನೆಲದ ಮೇಲೇ ಮಲಗಿಸಿ ಬೆಳಕನ್ನು ನೆಲಕ್ಕೆ ಸವರಿದಂತೆ ಬಿಡಿ. ಸಾಸಿವೆಯಷ್ಟು ತುಣುಕಿಗೂ ಗೇಣುದ್ದ ನೆರಳು ಬೀಳುತ್ತದೆ. ಕಣ್ಣಿಗೆ ತುಣುಕು ಕಾಣುವ ಮುಂಚೆ ನೆರಳು ಕಾಣುತ್ತದೆ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತು. ಕಿಟ್ಟು ಹೇಳಿದ್ದನ್ನು ಹೇಳಿದಂತೆ ಮಾಡುವುದು ಕಲಿಕೆಯ ಮೊದಲ ಮೆಟ್ಟಿಲು ಅಷ್ಟೇ. ಒಂದೊಂದು ಭಾಗ ಯಾಕೆ ಹಾಗಿದೆ ಅಂತ ಕೇಳಿಕೊಳ್ಳಿ. 1927ರಲ್ಲಿ ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ದಾಟಿದ 'ಸ್ಪಿರಿಟ್ ಆಫ್ ಸೇಂಟ್ ಲೂಯಿಸ್' ವಿಮಾನದ ಮಾದರಿ ಕಟ್ಟುವವರು, ಮುಂದಿನ ಗಾಜಿನ ತುಣುಕು ಎಲ್ಲೋ ಕಳೆಯಿತು ಅಂತ ಪರಾತವೆಲ್ಲ ತಡಕಾಡುತ್ತಾರೆ. ಕಳೆದಿಲ್ಲ. ಆ ವಿಮಾನಕ್ಕೆ ಮುಂದೆ ಗಾಜೇ ಇರಲಿಲ್ಲ. ಮೂವತ್ತಮೂರೂವರೆ ತಾಸು ಹಾರಲು ಬೇಕಾದ ಪೆಟ್ರೋಲಿನ ದೊಡ್ಡ ಟ್ಯಾಂಕು ಚಾಲಕನ ಮುಂದೆಯೇ ಕೂತಿತ್ತು. ಮುಂದೆ ನೋಡಬೇಕಾದರೆ ಅವನು ಪಕ್ಕದ ಕಿಟಕಿಗೆ ಮುಖ ಚಾಚಬೇಕು, ಇಲ್ಲವೆ ಪೆರಿಸ್ಕೋಪಿಗೆ ಕಣ್ಣಿಡಬೇಕು. ಇದು ಗೊತ್ತಿದ್ದವರು ಆ ಬೋಳು ತಗಡನ್ನು ಮಡಚುವ ರೀತಿಯೇ ಬೇರೆ.

ಒಂದೆರಡು ಕಿಟ್ಟು ಕಟ್ಟಿ ಕೈ ಕುದುರಿದ ಮೇಲೆ ಪೆಟ್ಟಿಗೆಯನ್ನು ಕಾಯಬೇಡಿ. ನಮ್ಮ ನಾಡಿನಲ್ಲೇ ಹುಟ್ಟಿದ ಮಾರುತ್ ಕಟ್ಟಿರಿ. ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ 1940ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಕಾರ್ಖಾನೆ ಎಚ್‌ಎಎಲ್. ಅಲ್ಲಿಗೆ 1956ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಬಂದರು. ಅವರ ತಂಡ ಎಚ್‌ಎಫ್-24 ಮಾರುತ್ ಯುದ್ಧವಿಮಾನದ ವಿನ್ಯಾಸ ಮಾಡಿತು. ಆದರೆ ಲೋಹಕ್ಕೆ ಕೈ ಹಚ್ಚುವ ಮೊದಲು ಅವರು ಏನು ಮಾಡಿದರು ನೋಡಿ. ಅದೇ ಆಕಾರ, ಅದೇ ಅಳತೆಯ ಎಂಜಿನ್ನಿಲ್ಲದ ಕಟ್ಟಿಗೆಯ ಗ್ಲೈಡರು ಕಟ್ಟಿದರು. 1959ರಲ್ಲಿ ಅದನ್ನು ಡಕೋಟಾ ವಿಮಾನದ ಹಿಂದೆ ಹಗ್ಗ ಕಟ್ಟಿ ಮೇಲಕ್ಕೆ ಎಳೆದೊಯ್ದು, ಬಿಟ್ಟು, ಹೇಗೆ ತೇಲುತ್ತದೆ ಅಂತ ಮತ್ತೆ ಮತ್ತೆ ನೋಡಿದರು. ಲೋಹದ ಮಾರುತ್ ಮೊದಲ ಸಲ ಹಾರಿದ್ದು 1961ರ ಜೂನ್ 17ರಂದು, ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರ ಕೈಯಲ್ಲಿ. ಬೇಕಾದಷ್ಟು ಬಲದ ಎಂಜಿನ್ನು ಸಿಗದೆ ಶಬ್ದದ ಎರಡು ಪಟ್ಟು ವೇಗ ಮುಟ್ಟುವ ಆಸೆ ಈಡೇರಲಿಲ್ಲ. ಆದರೂ ಅದು 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿತು. ನನಗೆ ಆ ವಿಮಾನದ ಮೇಲೆ ಬಹಳ ಅಭಿಮಾನ.

ನಿಮ್ಮ ಗ್ಲೈಡರು ಲಗ್ನಪತ್ರಿಕೆಯ ದಪ್ಪ ಕಾರ್ಡಿನದು. ಮನೆಯಲ್ಲಿ ಬೇಕಾದಷ್ಟು ಬಿದ್ದಿರುತ್ತವೆ. ಮೂರು ನೋಟದ ನಕ್ಷೆ ಸಂಪಾದಿಸಿ ಝೆರಾಕ್ಸಿನಲ್ಲಿ ಅಳತೆಗೆ ತನ್ನಿ. ಮಾರುತ್ ಉದ್ದ 15.87 ಮೀಟರು, ರೆಕ್ಕೆಯ ಅಗಲ 9 ಮೀಟರು. 72ಕ್ಕೆ ಒಂದರಂತೆ 22 ಸೆಂಟಿಮೀಟರು ಉದ್ದ, ಹನ್ನೆರಡೂವರೆ ಸೆಂಟಿಮೀಟರು ಅಗಲ ಬರುತ್ತದೆ. ಕಾರ್ಡಿನಲ್ಲಿ ಪೂರ್ತಿ ಕಟ್ಟಿ, ತಪ್ಪುಗಳನ್ನೆಲ್ಲ ಅಲ್ಲೇ ಮಾಡಿ ಮುಗಿಸಿ, ಆಮೇಲೆ ಅದನ್ನು ಬಿಚ್ಚಿ ಹಿತ್ತಾಳೆ ತಗಡಿನ ಮೇಲೆ ಗೀರಿಕೊಳ್ಳಿ. ತಗಡು ಬಿರುಸಾಗಿದ್ದರೆ ಪತ್ತಾರರ ಹತ್ತಿರ ಒಯ್ದು, ಮಂಕಾದ ಕೆಂಪು ಬರುವತನಕ ಕಾಸಿ ಮೆತ್ತಗೆ ಮಾಡಿಸಿಕೊಳ್ಳಿ. ಹಾಗೇ ಅವರು ಕೂತು ಬೆಸೆಯುವುದನ್ನೂ ಅರ್ಧ ತಾಸು ನೋಡಿ ಬನ್ನಿ. ಚಿಮಟ ಹಿಡಿಯುವ ಹದ ಅವರಿಗೆ ಗೊತ್ತಿದ್ದಷ್ಟು ಯಾವ ವಿಡಿಯೋಕ್ಕೂ ಗೊತ್ತಿಲ್ಲ.

ಎರಡು ತೊಡಕು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ತಗಡು 0.2 ಮಿಲಿಮೀಟರು ಅಂದುಕೊಳ್ಳಿ. 72 ಪಟ್ಟು ಮಾಡಿದರೆ ಅದು 14 ಮಿಲಿಮೀಟರು ದಪ್ಪದ ಹಲಗೆ. ಅಂಥ ರೆಕ್ಕೆಯ ವಿಮಾನ ಎಲ್ಲಿದೆ? ಅದಕ್ಕೇ ರೆಕ್ಕೆಯ ಹಿಂದಿನ ಅಂಚನ್ನು ಒಳಬದಿಯಿಂದ ಅರ ಹಾಕಿ ಚೂಪು ಮಾಡಬೇಕು. ಹೊರಗಿನಿಂದ ಅಲ್ಲ, ಒಳಗಿನಿಂದ.

ಎರಡನೆಯದು ಸೊಂಟ. ಮಾರುತ್ ಮೈ ನಡುವೆ ಸಪೂರ. ಶಬ್ದದ ವೇಗದ ಹತ್ತಿರ ಗಾಳಿಯ ತಡೆ ಕಡಿಮೆಯಾಗಲಿ ಅಂತ ರೆಕ್ಕೆ ಇರುವ ಕಡೆ ಮೈಯನ್ನು ಒಳಕ್ಕೆ ಎಳೆದಿದ್ದಾರೆ. ನೋಡಲು ಬಹಳ ಚೆಲುವು, ಮಾಡಲು ಬಹಳ ಕಷ್ಟ. ತಗಡು ಒಂದು ದಿಕ್ಕಿಗೆ ಬಾಗುತ್ತದೆ, ಎರಡು ದಿಕ್ಕಿಗೆ ಒಟ್ಟಿಗೆ ಬಾಗುವುದಿಲ್ಲ. ಬಡಿದು ಹಿಗ್ಗಿಸುವುದು ಪತ್ತಾರರ ವಿದ್ಯೆ, ನಿಮಗೆ ಈಗಲೇ ಬೇಡ. ಮೈಯನ್ನು ಅಡ್ಡಡ್ಡ ಕೊಯ್ದು ಆರೆಂಟು ಬಳೆಗಳಾಗಿ ಮಾಡಿ, ಒಂದೊಂದು ಬಳೆಯೂ ಒಂದು ಕಡೆ ಅಗಲ, ಒಂದು ಕಡೆ ಸಣ್ಣ. ಒಂದರೊಳಗೊಂದು ಕೂಡಿಸಿದರೆ ಸೊಂಟ ತಾನಾಗಿ ಬರುತ್ತದೆ.

ರಜೆಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದಾಗ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ನಿಜವಾದ ಮಾರುತ್ ಪಕ್ಕದಲ್ಲೇ ನಿಂತು ಆ ಸೊಂಟದ ಫೋಟೋ ತೆಗೆದುಕೊಳ್ಳಿ. ಮೇಲಿನಿಂದ, ಮುಂದಿನಿಂದ, ಪಕ್ಕದಿಂದ ಕಾಣುವ ಆಕಾರ ನಕ್ಷೆಯಲ್ಲಿದೆ. ಓರೆಯಿಂದ, ಕೆಳಗಿನಿಂದ ಕಾಣುವುದು ಅಲ್ಲಿಗೆ ಹೋದವರಿಗೇ ಸಿಗುವುದು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ರೈಟ್ ವಿಮಾನದ ಪೂರ್ಣ ಅಳತೆಯ ಪ್ರತಿಯೂ ಇದೆ, ಅದನ್ನೂ ಬಿಡಬೇಡಿ.

ಕೆಲಸ ಶುರು ಮಾಡುವುದು ಮಾತ್ರ ಮೂತಿಯಿಂದ ಬೇಡ, ಬಾಲದಿಂದಲೂ ಬೇಡ, ಸೊಂಟದಿಂದ ಮಾಡಿ. ಅದು ಕೂತರೆ ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಳ್ಳುತ್ತದೆ. ಬರುವ ಭಾನುವಾರ ಕಾರ್ಡಿನ ಬಳೆಗಳನ್ನು ಕತ್ತರಿಸಿ ತನ್ನಿ, ನಕ್ಷೆಯ ಎರಡು ಪ್ರತಿ ಇರಲಿ, ಒಂದು ಕೆಡುತ್ತದೆ. ತಗಡು, ಅರ, ಚಿಮಟ ನನ್ನ ಹತ್ತಿರ ಇವೆ.