ಕಂಡುದನ್ನು ನುಡಿಯುವ ಧರ್ಮ

ಕಣದಲ್ಲಿಯೋ ಸಂತೆಯಲ್ಲಿಯೋ ಜಗಳವಾಗಿ ಒಬ್ಬನಿಗೆ ಪೆಟ್ಟಾಗುತ್ತದೆ. ಕಂಡವರು ಹಲವರು; ಪೋಲೀಸರು ಬಂದು ಕೇಳಿದಾಗ ಅಲ್ಲಿದ್ದೆನೆಂದು ಹೇಳುವವರು ವಿರಳ. ಹೊಡೆದವನು ಬೀಗರ ಕಡೆಯವನು, ಪೆಟ್ಟು ತಿಂದವನು ಕೂಲಿಯಾಳು ಎಂದು ಇಟ್ಟುಕೊಳ್ಳೋಣ. ಆಗ ಸದ್ಗೃಹಸ್ಥನು ಹೇಳಿಕೆ ಕೊಡಬೇಕೆ, ಸುಮ್ಮನಿರಬೇಕೆ? ಇದೇ ಈ ಪಾಠದ ವಿಚಾರ.

ಮೊದಲು ಶಬ್ದಾರ್ಥವನ್ನು ತಿಳಿಯೋಣ. ಸಾಕ್ಷಾತ್ ಕಂಡವನು ಸಾಕ್ಷಿ ಎಂದು ವೈಯಾಕರಣರು ಹೇಳುತ್ತಾರೆ. ಈ ಅರ್ಥದಲ್ಲಿಯೇ ಸಾಕ್ಷಿಯ ಧರ್ಮವೂ ಮಿತಿಯೂ ಅಡಗಿವೆ. ಊರವರ ಬಾಯಿಂದ ಕೇಳಿದುದನ್ನು ತಾನೇ ಕಂಡೆನೆಂದು ಹೇಳುವವನು ಸಾಕ್ಷಿಯಲ್ಲ. ಕಂಡೂ ಕಾಣೆನೆನ್ನುವವನು ತನ್ನ ಕಣ್ಣಿಗೇ ದ್ರೋಹ ಬಗೆದವನು. “ದೊಣ್ಣೆಯೆತ್ತಿದುದನ್ನು ಕಂಡೆನು, ಜಗಳದ ಮೂಲವನ್ನು ಅರಿಯೆನು” ಎಂದರೆ ಸಾಕು. ಯಾರದು ತಪ್ಪೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸವೇ ಹೊರತು ಸಾಕ್ಷಿಯದಲ್ಲ.

“ಮೌನವಾಗಿದ್ದರೆ ಯಾರಿಗೂ ಕೆಡುಕಿಲ್ಲವಲ್ಲ?” ಎಂದು ಕೆಲವರು ಕೇಳಬಹುದು. ಅದು ಸರಿಯಲ್ಲ. ಬಲ್ಲಿದನಿಗೆ ಹಣವಿದೆ, ಜನವಿದೆ. ಕೂಲಿಯವನಿಗೆ ಇರುವ ಆಸರೆ ಕಂಡವರ ಮಾತೊಂದೇ. ಆ ಮಾತನ್ನು ನಾವು ಬಚ್ಚಿಟ್ಟರೆ ನಮ್ಮ ಮೌನವು ತಾನಾಗಿಯೇ ಬಲ್ಲಿದನ ಪಕ್ಷವನ್ನು ಸೇರುತ್ತದೆ. ನಿರಪರಾಧಿಯ ಮೇಲೆ ಆರೋಪ ಬಂದಾಗಲೂ ಹೀಗೆಯೇ: ಅವನು ಅಲ್ಲಿರಲಿಲ್ಲವೆಂದು ಬಲ್ಲವನು ಬಾಯಿ ತೆರೆಯದಿದ್ದರೆ ಒಂದು ಸಂಸಾರವೇ ಹಾಳಾದೀತು. ಶರಣರು ನುಡಿಯನ್ನು ನಡೆಯಿಂದ ಬೇರ್ಪಡಿಸಲಿಲ್ಲ. ಪೂಜೆಯ ಮನೆಯಲ್ಲಿ ಒಂದು ನಾಲಗೆ, ಠಾಣೆಯಲ್ಲಿ ಮತ್ತೊಂದು ನಾಲಗೆ ಭಕ್ತನಿಗೆ ಸಲ್ಲದು.

ಇನ್ನು ಭಯದ ಮಾತು. ಭಯವು ಹೆಚ್ಚಾಗಿ ಅಜ್ಞಾನದಿಂದ ಹುಟ್ಟುತ್ತದೆ. ಆದ್ದರಿಂದ ಕಾನೂನನ್ನು ಅರಿತಿರಬೇಕು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೭೯ನೆಯ ಕಲಮಿನಂತೆ ತನಿಖಾಧಿಕಾರಿಯು ಸಾಕ್ಷಿಯನ್ನು ಲಿಖಿತ ಆದೇಶದಿಂದ ಕರೆಯಬೇಕು. ಸ್ತ್ರೀಯರನ್ನು, ೧೫ ವರ್ಷದೊಳಗಿನ ಬಾಲಕರನ್ನು, ೬೦ ವರ್ಷ ಮೀರಿದ ಪುರುಷರನ್ನು, ಅಂಗವಿಕಲರನ್ನು, ತೀವ್ರ ಅಸ್ವಸ್ಥರನ್ನು ಅವರು ವಾಸಿಸುವ ಸ್ಥಳ ಬಿಟ್ಟು ಬೇರೆಡೆಗೆ ಬರುವಂತೆ ಬಲವಂತಪಡಿಸಲಾಗದು. ೧೮೦ನೆಯ ಕಲಮಿನಂತೆ ಕೇಳಿದುದಕ್ಕೆ ಸತ್ಯವನ್ನೇ ಹೇಳಲು ಸಾಕ್ಷಿಯು ಬದ್ಧನು. ಆದರೆ ತನ್ನನ್ನೇ ಅಪರಾಧದಲ್ಲಿ ಸಿಲುಕಿಸುವ ಪ್ರಶ್ನೆಗೆ ಉತ್ತರಿಸಬೇಕಾಗಿಲ್ಲ. ಪೋಲೀಸರು ಬರೆದುಕೊಂಡ ಆ ಹೇಳಿಕೆಗೆ ಸಾಕ್ಷಿಯ ಸಹಿ ಪಡೆಯಬಾರದೆಂದು ೧೮೧ನೆಯ ಕಲಮು ವಿಧಿಸುತ್ತದೆ.

ಬೆದರಿಕೆಯೊಡ್ಡುವವರೂ ಉಂಟು, ಅದನ್ನು ಅಲ್ಲಗಳೆಯಲಾಗದು. ಅದಕ್ಕೆಂದೇ ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ಸಾಕ್ಷಿರಕ್ಷಣಾ ಯೋಜನೆಗೆ ಒಪ್ಪಿಗೆಯಿತ್ತಿತು. ಈಗಿನ ಸಂಹಿತೆಯ ೩೯೮ನೆಯ ಕಲಮು ಪ್ರತಿಯೊಂದು ರಾಜ್ಯವೂ ಅಂತಹ ಯೋಜನೆಯನ್ನು ರೂಪಿಸಬೇಕೆನ್ನುತ್ತದೆ. ಅಂಜಿಕೆಯಿದ್ದವರು ಮೊದಲು ವಕೀಲರೊಬ್ಬರನ್ನು ಕಂಡು, ರಕ್ಷಣೆಯನ್ನು ಕೋರಿ, ಬಳಿಕ ಹೇಳಿಕೆ ಕೊಡುವುದು ವಿವೇಕವೇ ಹೊರತು ಹೇಡಿತನವಲ್ಲ.

ಠಾಣೆಗೆ ಹೋಗುವ ಮುನ್ನ ಏಕಾಂತದಲ್ಲಿ ಕುಳಿತು ಕಂಡುದೆಷ್ಟು, ಕೇಳಿದುದೆಷ್ಟು, ಊಹಿಸಿದುದೆಷ್ಟು ಎಂದು ವಿಂಗಡಿಸಿಕೊಳ್ಳಬೇಕು. ನೆನಪಿಲ್ಲದುದನ್ನು ನೆನಪಿಲ್ಲವೆಂದೇ ಹೇಳಬೇಕು. ಬರೆದುಕೊಂಡುದನ್ನು ಓದಿ ಹೇಳಿರೆಂದು ವಿನಯದಿಂದ ಕೇಳಬೇಕು. ಬೀಗತನಕ್ಕಾಗಿ ಒಂದಕ್ಷರವನ್ನು ಕಳೆಯಬಾರದು. ಹಳೆಯ ಹಗೆಗಾಗಿ ಒಂದಕ್ಷರವನ್ನು ಕೂಡಿಸಬಾರದು. ಹೀಗೆ ನುಡಿದವನು ಯಾರ ಮುಂದೆಯೂ ತಲೆತಗ್ಗಿಸಬೇಕಾಗಿಲ್ಲ.